ಖಾಲಿ ಬಿಟ್ಟದ್ದು ಸೊನ್ನೆಯಲ್ಲ: ನಮ್ಮ ಸಿಒ-ಪಿಒ ಸಾಫ್ಟ್‌ವೇರ್, ನಾಲ್ಕು ಸೆಮಿಸ್ಟರ್ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಕಂಪನಿಯ ಹೆಸರು ಹಾಕುವುದಿಲ್ಲ, ಕಾಲೇಜಿನ ಹೆಸರೂ ಇಲ್ಲ. ನಾನಿನ್ನೂ ಅಲ್ಲೇ ಕೆಲಸದಲ್ಲಿದ್ದೇನೆ. ಯಾವ ಜಾತಿಯ ಸಾಫ್ಟ್‌ವೇರ್ ಅಂತ ಹೇಳಿದರೆ ಗೊತ್ತಿರುವವರಿಗೆ ಗೊತ್ತಾಗುತ್ತದೆ. ಕೋರ್ಸು, ಕಾಲೇಜುಗಳ ಗುಣಮಟ್ಟ ನೋಡಿ ಮಾನ್ಯತೆ ಕೊಡುವ ಎನ್‌ಬಿಎ, ನ್ಯಾಕ್‌ನವರು ಬರುವ ಹೊತ್ತಿಗೆ ಸಿಒ-ಪಿಒ ಅಟೇನ್‌ಮೆಂಟ್ (ಮಕ್ಕಳು ಕಲಿಯಬೇಕಾದದ್ದು ಎಷ್ಟು ಈಡೇರಿತು ಅನ್ನೋದು) ಲೆಕ್ಕ ಹಾಕಿ ಪ್ರಿಂಟ್ ತೆಗೆದುಕೊಡುವಂಥದ್ದು. ಮಾರ್ಕೆಟ್ಟಿನಲ್ಲಿ ಇಂಥವು ಬೇಕಾದಷ್ಟಿವೆ, ಡೆಮೊ ಎಲ್ಲರದೂ ಹೆಚ್ಚುಕಮ್ಮಿ ಒಂದೇ ಥರ. ತಗೊಳ್ಳಬೇಕಾ ಬೇಡವಾ ಅಂತ ಬೇರೆ ಕಾಲೇಜಿನ ಗೆಳತಿಯರು ಫೋನ್ ಮಾಡಿ ಕೇಳುತ್ತಲೇ ಇರುತ್ತಾರೆ, ಎಲ್ಲರಿಗೂ ಅದೇ ಕಥೆ ಹೇಳಿ ಸಾಕಾಗಿದೆ, ಅದಕ್ಕೆ ಒಂದೇ ಸಲ ಬರೆದುಬಿಡೋಣ ಅಂತ ಕೂತಿದ್ದೇನೆ.

ನಮ್ಮದು ವಿಟಿಯು (ತಾಂತ್ರಿಕ ವಿಶ್ವವಿದ್ಯಾಲಯ) ಅಡಿಯಲ್ಲಿರುವ ಕಾಲೇಜು, ಅಟಾನಮಸ್ ಅಲ್ಲ, ಅಂದರೆ ಕೊನೆ ಪರೀಕ್ಷೆ ಯೂನಿವರ್ಸಿಟಿಯದೇ. ನಾನು ಇ ಆಂಡ್ ಸಿ (ಎಲೆಕ್ಟ್ರಾನಿಕ್ಸ್) ವಿಭಾಗದಲ್ಲಿ ಪಾಠ ಮಾಡುತ್ತೇನೆ, ಜೊತೆಗೆ ವಿಭಾಗದ ಎನ್‌ಬಿಎ ಕೋಆರ್ಡಿನೇಟರ್. ಈ ಹುದ್ದೆ ಹೇಗೆ ಸಿಕ್ಕಿತು ಅಂತ ಕೇಳಬೇಡಿ. ಮೀಟಿಂಗ್ ದಿನ ರಜೆ ಹಾಕಿದ್ದೆ, ವಾಪಸ್ ಬರುವಷ್ಟರಲ್ಲಿ ಆಗಿಹೋಗಿತ್ತು.

ಈ ಲೋಕದ ಹೊರಗಿನವರಿಗೆ ಎರಡು ಮಾತು. ಪ್ರತಿ ವಿಷಯಕ್ಕೂ ನಾಲ್ಕೈದು ಸಿಒ ಬರೆದುಕೊಳ್ಳಬೇಕು, ಅಂದರೆ ಈ ವಿಷಯ ಮುಗಿಸಿದ ಮಕ್ಕಳಿಗೆ ಏನೇನು ಮಾಡಲು ಬರಬೇಕು ಅನ್ನೋದು. ಇಡೀ ಡಿಗ್ರಿ ಮುಗಿಸಿದವರಿಗೆ ಏನು ಬರಬೇಕು ಅನ್ನೋದು ಪಿಒ. ಅದನ್ನು ನಾವು ಬರೆಯುವಂತಿಲ್ಲ, ಎನ್‌ಬಿಎ ಕೊಟ್ಟಿರುತ್ತದೆ. 2014ರಲ್ಲಿ ಭಾರತ ವಾಷಿಂಗ್ಟನ್ ಅಕಾರ್ಡ್‌ನ (ಎಂಜಿನಿಯರಿಂಗ್ ಡಿಗ್ರಿಗಳನ್ನು ದೇಶಗಳು ಪರಸ್ಪರ ಒಪ್ಪಿಕೊಳ್ಳುವ ಒಪ್ಪಂದ) ಪೂರ್ಣ ಸದಸ್ಯ ಆದಮೇಲೆ ಇದೆಲ್ಲ ಜೋರಾಯಿತು. ನೀವು ಏನು ಪಾಠ ಮಾಡಿದಿರಿ ಅನ್ನೋದು ಬಿಡಿ, ಮಕ್ಕಳಿಗೆ ಏನು ಬಂತು ತೋರಿಸಿ ಅಂತ ಕೇಳುವ ಪದ್ಧತಿ ಅದು. ಪ್ರತಿ ಸಿಒ ಯಾವ ಪಿಒಗೆ ಎಷ್ಟು ನೆರವಾಗುತ್ತದೆ ಅಂತ 1, 2, 3 ಹಾಕಬೇಕು. ಆಮೇಲೆ ಇಂಟರ್ನಲ್ಸ್ (ಕಾಲೇಜಿನಲ್ಲೇ ನಡೆಸುವ ಟೆಸ್ಟ್), ಅಸೈನ್‌ಮೆಂಟ್, ಯೂನಿವರ್ಸಿಟಿ ಪರೀಕ್ಷೆಯ ಅಂಕ ಹಿಡಿದು ಪ್ರತಿ ಸಿಒ ಎಷ್ಟು ಈಡೇರಿತು ಅಂತ ಲೆಕ್ಕ. ನಮ್ಮ ವಿಭಾಗದ ನಿಯಮ ಹೀಗಿದೆ: ಒಂದು ಪ್ರಶ್ನೆಗೆ ಶೇ. 60 ಅಥವಾ ಅದಕ್ಕಿಂತ ಜಾಸ್ತಿ ಅಂಕ ತಗೊಂಡವರು ಕ್ಲಾಸಿನ ಶೇ. 60ರಷ್ಟಿದ್ದರೆ ಲೆವೆಲ್ 1, ಶೇ. 70ರಷ್ಟಿದ್ದರೆ 2, ಶೇ. 80 ದಾಟಿದರೆ 3. ಅದಕ್ಕೂ ಕಮ್ಮಿ ಆದರೆ ಸೊನ್ನೆ. ಹಳೇ ಎಸ್‌ಎಆರ್‌ನಲ್ಲಿ (ಎನ್‌ಬಿಎಗೆ ನಾವು ಬರೆದುಕೊಡುವ ಸ್ವಯಂ ಮೌಲ್ಯಮಾಪನ ವರದಿ) ನಮ್ಮಂಥ ಟಿಯರ್-2 ಕಾಲೇಜಿಗೆ ಈ ಒಂದು ಮಾನದಂಡಕ್ಕೇ 1000ಕ್ಕೆ 120 ಅಂಕ ಇತ್ತು, ಅಟಾನಮಸ್ ಥರದ ಟಿಯರ್-1ರವರಿಗೆ 175. ಹಾಗಾಗಿ ಮ್ಯಾನೇಜ್‌ಮೆಂಟ್ ದುಡ್ಡು ಬಿಚ್ಚಿತು.

ಮೊದಲು ಎಕ್ಸೆಲ್‌ನಲ್ಲಿ ಮಾಡುತ್ತಿದ್ದೆವು. ಆ ಶೀಟ್ ಮಾಡಿದ ಮೇಷ್ಟ್ರು ಕೆಲಸ ಬಿಟ್ಟು ಹೋಗಿ ಎಷ್ಟೋ ವರ್ಷ ಆಗಿತ್ತು. ಯಾವ ಸೆಲ್‌ನಲ್ಲಿ ಯಾವ ಫಾರ್ಮುಲಾ ಇದೆ ಯಾರಿಗೂ ಗೊತ್ತಿಲ್ಲ, ಮುಟ್ಟಲು ಭಯ. ಮೂರನೇ ಸೆಮಿಸ್ಟರ್‌ಗೆ ಲ್ಯಾಟರಲ್ ಎಂಟ್ರಿಯಲ್ಲಿ ಡಿಪ್ಲೊಮಾ ಮಕ್ಕಳು ಬಂದು ಸೇರುತ್ತಾರಲ್ಲ, ಅವರಿಗೆ ಅಂತ ಮಧ್ಯೆ ನಾಲ್ಕು ಸಾಲು ಸೇರಿಸಿದರೆ ಕೆಳಗಿದ್ದದ್ದೆಲ್ಲ ಕೆಟ್ಟುಹೋಗುತ್ತಿತ್ತು. ಆ ಹಿಂಸೆಗೆ ಹೋಲಿಸಿದರೆ ಯಾವ ಸಾಫ್ಟ್‌ವೇರ್ ಬಂದರೂ ಸ್ವರ್ಗ ಅನ್ನಿಸುವ ಸ್ಥಿತಿಯಲ್ಲಿದ್ದೆವು.

ಡೆಮೊ ಕೊಡಲು ಬಂದ ಹುಡುಗ ಚೆನ್ನಾಗಿ ಮಾತಾಡಿದ. ಬಣ್ಣಬಣ್ಣದ ಗ್ರಾಫ್, ಜೇಡರ ಬಲೆ ಥರದ ಚಾರ್ಟ್, ಒಂದು ಕ್ಲಿಕ್‌ಗೆ ದಪ್ಪ ಪಿಡಿಎಫ್. ಪ್ರಿನ್ಸಿಪಾಲರು ಆ ಪಿಡಿಎಫ್‌ನ ದಪ್ಪ ನೋಡಿಯೇ ಒಪ್ಪಿದರು. ಅವನು ತೋರಿಸಿದ ಮಾದರಿ ಕ್ಲಾಸಿನಲ್ಲಿ ಎಲ್ಲರೂ ಎಲ್ಲ ಪ್ರಶ್ನೆಗಳನ್ನೂ ಬರೆದಿದ್ದರು, ಒಂದು ಚೌಕವೂ ಖಾಲಿ ಇರಲಿಲ್ಲ. ಎಲ್ಲಿದೆ ಸ್ವಾಮಿ ಅಂಥ ಕ್ಲಾಸು? ಆವತ್ತೇ ಕೇಳಬೇಕಿತ್ತು. ಕೇಳಲಿಲ್ಲ.

ಒಳ್ಳೆಯದನ್ನು ಮೊದಲು ಹೇಳುತ್ತೇನೆ. ಅಂಕ ತುಂಬುವ ಪರದೆ ನಿಜಕ್ಕೂ ಚೆನ್ನಾಗಿದೆ. ಎಡಕ್ಕೆ ಯುಎಸ್‌ಎನ್ (ವಿದ್ಯಾರ್ಥಿಯ ನಂಬರ್), ಮೇಲೆ ಪ್ರಶ್ನೆ ನಂಬರ್, ಬ್ಲೂ ಬುಕ್ (ಟೆಸ್ಟಿನ ಉತ್ತರ ಪುಸ್ತಕ) ಒಂದೊಂದೇ ತಿರುವುತ್ತಾ ಹೊಡೆದುಕೊಂಡು ಹೋಗಬಹುದು. 10ರ ಪ್ರಶ್ನೆಗೆ 11 ಹೊಡೆದರೆ ಅಲ್ಲೇ ಕೆಂಪಾಗುತ್ತದೆ. ಕರೆಂಟ್ ಹೋದರೂ ತುಂಬಿದ್ದು ಉಳಿದಿರುತ್ತದೆ. 64 ಜನರ ಒಂದು ಟೆಸ್ಟ್ ಒಂದು ಗಂಟೆಯೊಳಗೆ ಮುಗಿಯುತ್ತದೆ, ಪಕ್ಕದಲ್ಲಿ ಯಾರಾದರೂ ಕೂತು ಓದಿ ಹೇಳಿದರೆ ಇನ್ನೂ ಬೇಗ. ಕೋರ್ಸ್ ಫೈಲ್‌ಗೆ ಬೇಕಾದ ಹಾಳೆಗಳೆಲ್ಲ ಒಂದೇ ಕಡೆ ಸಿಗುತ್ತವೆ. ಮೊದಲಾದರೆ ಸೆಮಿಸ್ಟರ್ ಕೊನೆಯಲ್ಲಿ ಒಂದು ವಾರ ಜೆರಾಕ್ಸ್ ಅಂಗಡಿ ಮುಂದೆಯೇ ನಿಂತಿರುತ್ತಿದ್ದೆವು.

ಪ್ರಶ್ನೆಪತ್ರಿಕೆ ತಯಾರಿಸುವ ಭಾಗ ಅರ್ಧ ಒಳ್ಳೆಯದು, ಅರ್ಧ ನಗೆಪಾಟಲು. ಪ್ರತಿ ಪ್ರಶ್ನೆಗೂ ಸಿಒ ಯಾವುದು, ಬ್ಲೂಮ್ಸ್ ಲೆವೆಲ್ ಎಷ್ಟು ಅಂತ ಹಾಕಬೇಕು. 1956ರಲ್ಲಿ ಬ್ಲೂಮ್ ಮತ್ತವರ ಜೊತೆಯವರು ಮಾಡಿದ, 2001ರಲ್ಲಿ ತಿದ್ದಿದ ಆರು ಮೆಟ್ಟಿಲಿನ ಏಣಿ, ನೆನಪಿಟ್ಟುಕೊಳ್ಳೋದರಿಂದ ಹಿಡಿದು ಹೊಸದು ಸೃಷ್ಟಿಸೋವರೆಗೆ. ಪಕ್ಕದಲ್ಲಿ ಒಂದು ಸಣ್ಣ ಪಟ್ಟಿ ಬರುತ್ತದೆ, ನಿಮ್ಮ ಪತ್ರಿಕೆಯಲ್ಲಿ ಯಾವ ಮೆಟ್ಟಿಲು ಎಷ್ಟು ಅಂತ. ನಮ್ಮದನ್ನು ಮೊದಲ ಸಲ ನೋಡಿದಾಗ ನಾಚಿಕೆ ಆಯಿತು. ಎಲ್ಲಾ 'ವಿವರಿಸಿ', 'ವಿವರಿಸಿ', ಮತ್ತೆ 'ವಿವರಿಸಿ'. ಅಷ್ಟರ ಮಟ್ಟಿಗೆ ಒಳ್ಳೆಯದೇ. ಆದರೆ ಮೆಟ್ಟಿಲನ್ನು ಅದು ನಿರ್ಧರಿಸೋದು ಪ್ರಶ್ನೆಯ ಕ್ರಿಯಾಪದ ನೋಡಿ. ನನ್ನ ಸಹೋದ್ಯೋಗಿ ಒಬ್ಬರು 'ಎಕ್ಸ್‌ಪ್ಲೇನ್' ಅಳಿಸಿ 'ಅನಲೈಸ್' ಅಂತ ಹೊಡೆದರು, ಪ್ರಶ್ನೆಯ ಉಳಿದದ್ದೆಲ್ಲ ಹಾಗೇ ಇತ್ತು, ಎಲ್ 2 ಇದ್ದದ್ದು ಎಲ್ 4 ಆಯಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಹಾಗೆ. ಆಮೇಲೆ ಎರಡು ದಿನ ಸ್ಟಾಫ್ ರೂಮಿನಲ್ಲಿ ಎಲ್ಲರೂ ಕಾಫಿಯನ್ನೂ ಅನಲೈಸ್ ಮಾಡಿಯೇ ಕುಡಿದರು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ.

ನಾನು ಕಂಟ್ರೋಲ್ ಸಿಸ್ಟಮ್ಸ್ ತಗೊಂಡಿದ್ದ ಸೆಮಿಸ್ಟರ್. ಇಂಟರ್ನಲ್ಸ್‌ನಲ್ಲಿ ಮೂರನೇ ಪ್ರಶ್ನೆ ಬೋಡ್ ಪ್ಲಾಟ್, ಅದನ್ನು ಸಿಒ3ಕ್ಕೆ ಹಾಕಿದ್ದೆ. 'ಅಥವಾ' ಅಂತ ಕೊಟ್ಟು ನಾಲ್ಕನೇ ಪ್ರಶ್ನೆ ನೈಕ್ವಿಸ್ಟ್, ಅದು ಸಿಒ4. ಎರಡೂ ಸಿಸ್ಟಮ್ ಸ್ಥಿರವಾಗಿರುತ್ತದಾ ಅಂತ ನೋಡಲು ಎಳೆಯುವ ಗ್ರಾಫ್‌ಗಳು. ಸಿಒ4ಕ್ಕೆ ಇಂಟರ್ನಲ್ಸ್‌ನಲ್ಲಿ ಇದ್ದದ್ದು ಅದೊಂದೇ ಪ್ರಶ್ನೆ. ಎರಡನ್ನೂ ಬೇರೆ ಬೇರೆ ಸಿಒಗೆ ಹಾಕಿದ್ದು ನನ್ನ ತಪ್ಪು, ಒಪ್ಪುತ್ತೇನೆ. ಅಂಕ ತುಂಬಿ ಬಟನ್ ಒತ್ತಿದೆ. ಸಿಒ4 ಸೊನ್ನೆ, ಕಡುಗೆಂಪು. ಏನಪ್ಪಾ ಇದು ಅಂತ ಬ್ಲೂ ಬುಕ್ ಕಟ್ಟು ಬಿಚ್ಚಿ ಕೂತೆ. 64 ಜನರಲ್ಲಿ ನೈಕ್ವಿಸ್ಟ್ ಬರೆದವರು 11. ಅದರಲ್ಲಿ 9 ಜನ ಚೆನ್ನಾಗಿಯೇ ಬರೆದಿದ್ದರು. ಉಳಿದ ಇಬ್ಬರು ಮೇಲಿನ ಅರ್ಧ ಎಳೆದು, ಕೆಳಗಿನ ಅರ್ಧ ಕನ್ನಡಿ ಬಿಂಬದ ಹಾಗೆ ಬರಬೇಕು ಅನ್ನೋದನ್ನು ಮರೆತಿದ್ದರು, ಅದಕ್ಕೆ -1ರ ಸುತ್ತ ಎಷ್ಟು ಸುತ್ತು ಅನ್ನೋ ಎಣಿಕೆ ತಪ್ಪಿತ್ತು. ಮಿಕ್ಕ 53 ಜನ ಆ ಪ್ರಶ್ನೆಯ ತಂಟೆಗೇ ಹೋಗಿರಲಿಲ್ಲ. ಸಾಫ್ಟ್‌ವೇರ್ ಆ 53 ಖಾಲಿ ಚೌಕಗಳನ್ನೂ ಸೊನ್ನೆ ಅಂತಲೇ ಹಿಡಿದಿತ್ತು. 64ರಲ್ಲಿ 9, ಶೇ. 14.

ಸಪೋರ್ಟ್‌ಗೆ ಟಿಕೆಟ್ ಹಾಕಿದೆ. ಎರಡು ದಿನ ಬಿಟ್ಟು ಫೋನ್ ಬಂತು.

"ಮೇಡಂ, ಖಾಲಿ ಅಂದ್ರೆ ಝೀರೋನೇ ಅಲ್ವಾ?"

"ಅಲ್ಲಪ್ಪ. ಬರೆದು ಸೊನ್ನೆ ತಗೊಂಡವನು ಬೇರೆ, ಚಾಯ್ಸ್‌ನಲ್ಲಿ ಬಿಟ್ಟವನು ಬೇರೆ."

"ಮತ್ತೆ ಆಬ್ಸೆಂಟ್ ಆದವ್ರು?"

"ಅದು ಇನ್ನೊಂದು."

ಆ ಕಡೆ ಸ್ವಲ್ಪ ಹೊತ್ತು ಮೌನ. ಪಾಪ, ಹುಡುಗ ಒಳ್ಳೆಯವನೇ. ಸೆಟ್ಟಿಂಗ್ಸ್ ಒಳಗೆ ಎಲ್ಲೋ ಒಂದು ಟಿಕ್ ಬಾಕ್ಸ್ ಇದೆ ಅಂತ ಹುಡುಕಿ ಹೇಳಿದ, ಖಾಲಿಯನ್ನು ಲೆಕ್ಕಕ್ಕೆ ತಗೋಬೇಡ ಅನ್ನೋದಕ್ಕೆ. ಟಿಕ್ ಹಾಕಿದೆ. ಮತ್ತೆ ಬಟನ್ ಒತ್ತಿದೆ. ಈಗ 11ರಲ್ಲಿ 9, ಅಂದರೆ ಶೇ. 82. ಸಿಒ4 ಲೆವೆಲ್ 3. ಹಚ್ಚ ಹಸಿರು.

ನೋಡಿ, ಅದೇ ಕ್ಲಾಸು, ಅದೇ ಬ್ಲೂ ಬುಕ್‌ಗಳು. ಒಂದು ಟಿಕ್ ಹಾಕಿದ್ದಕ್ಕೆ ಸೊನ್ನೆ ಹೋಗಿ ಪೂರ್ತಿ ಮೂರು. ಎರಡೂ ಸುಳ್ಳು. ನಿಜ ಇರೋದು 53 ಜನ ಬಿಟ್ಟಿದ್ದಾರೆ ಅನ್ನುವಲ್ಲಿ. ಆ ಸಂಖ್ಯೆ ಸಾಫ್ಟ್‌ವೇರ್‌ನಲ್ಲಿ ಇಲ್ಲ ಅಂತಲ್ಲ. ಇದೆ. ರಿಪೋರ್ಟ್ಸ್ ಒಳಗೆ ಹೋಗಿ, ಡೀಟೇಲ್ಡ್ ಅನ್ನೋದನ್ನು ಒತ್ತಿ, ಪ್ರಶ್ನೆವಾರು ತೆಗೆದು, ಬಲಕ್ಕೆ ಎಳೆದುಕೊಂಡು ಹೋದರೆ ಕೊನೆಯಲ್ಲಿ 'ಅಟೆಂಪ್ಟೆಡ್' ಅಂತ ಒಂದು ಕಾಲಂ ಸಿಗುತ್ತದೆ. ಮಕ್ಕಳು ಏನು ಕಲಿತಿದ್ದಾರೆ, ಏನು ಕಲಿತಿಲ್ಲ ಅಂತ ತಿಳಿಯಲು ನನಗೆ ನಾಲ್ಕು ಸೆಮಿಸ್ಟರ್‌ನಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬಂದ ಕಾಲಂ ಅದೇ. ಪಿಡಿಎಫ್‌ನಲ್ಲಿ ಬರೋದೇ ಇಲ್ಲ.

ಕ್ಲಾಸಿಗೆ ಹೋಗಿ ಕೇಳಿದೆ, ಯಾಕ್ರೋ ನೈಕ್ವಿಸ್ಟ್ ಬಿಟ್ರಿ ಅಂತ. ಕೊನೆ ಬೆಂಚಿನ ಹುಡುಗಿ ಎದ್ದು ನಿಂತು ನೇರವಾಗಿ ಹೇಳಿದಳು: "ಮೇಡಂ, ಬೋಡ್‌ಗೆ ಸೆಮಿಲಾಗ್ ಶೀಟ್ ಕೊಡ್ತಾರೆ, ಟೇಬಲ್ ಹಾಕಿ ಸ್ಲೋಪ್ ಬರೆದ್ರೆ ಸ್ಟೆಪ್ ಮಾರ್ಕ್ಸ್ ಬಂದೇ ಬರುತ್ತೆ. ನೈಕ್ವಿಸ್ಟ್ ಚಾಯ್ಸ್‌ಗೆ ಅಂತ ಮೊದಲೇ ಬಿಟ್ಬಿಟ್ಟಿದ್ವಿ." ವಿಟಿಯು ಪರೀಕ್ಷೆಯಲ್ಲೂ ಮಾಡ್ಯೂಲ್‌ಗೆ ಎರಡು ಪ್ರಶ್ನೆ, ಒಂದು ಬರೆದರೆ ಸಾಕು. ಅವರ ಲೆಕ್ಕ ಸರಿಯಾಗಿಯೇ ಇತ್ತು. ನನ್ನದೇ ತಪ್ಪಿತ್ತು.

ಇನ್ನು ಎಸ್‌ಎಆರ್‌ಗೆ ಯಾವುದನ್ನು ಹಾಕೋದು? ವಿಭಾಗದ ಮೀಟಿಂಗಿನಲ್ಲಿ ದೊಡ್ಡ ಚರ್ಚೆ. "ಲೆವೆಲ್ 3 ಬಂದಿದೆಯಲ್ಲ, ಬಿಡಿ ಮೇಡಂ" ಅಂದವರೂ ಇದ್ದರು. ಕೊನೆಗೆ, ಅರ್ಧಕ್ಕಿಂತ ಕಮ್ಮಿ ಜನ ಮುಟ್ಟಿದ ಪ್ರಶ್ನೆಯನ್ನು ಸೊನ್ನೆ ಅಂತಲೇ ಹಿಡಿಯೋದು, ಯಾಕೆ ಅಂತ ಕೆಳಗೆ ಒಂದು ಸಾಲು ಬರೆಯೋದು ಅಂತ ಒಪ್ಪಿ ಮಿನಿಟ್ಸ್ ಬರೆದೆವು. ಈ ನಿಯಮ ಸಾಫ್ಟ್‌ವೇರ್‌ಗೆ ಹಾಕಲು ಆಗೋದಿಲ್ಲ, ಕೈಯಲ್ಲೇ ತಿದ್ದಬೇಕು. ಮುಂದಿನ ವರ್ಷ ನಾನು 'ಅಥವಾ' ಇಟ್ಟೆ, ಆದರೆ ಎರಡೂ ಕಡೆಯ ಬಿ ಭಾಗದಲ್ಲಿ ನೈಕ್ವಿಸ್ಟ್‌ನ ಒಂದೊಂದು ತುಂಡು ಇಟ್ಟೆ. ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ಮಕ್ಕಳು ಬೈದುಕೊಂಡರು, ಬರೆದರು. ಅಂಕ ಹಿಂದಿಗಿಂತ ಕಮ್ಮಿ ಬಂತು, ಲೆವೆಲ್ 1. ಆದರೆ ಅದು ಇಡೀ ಕ್ಲಾಸಿನ 1.

ಇನ್ನೊಂದು ವಿಷಯ, ಇದು ಕಂಪನಿಯ ತಪ್ಪಲ್ಲ, ಆದರೂ ಕೊಳ್ಳುವ ಮೊದಲು ಗೊತ್ತಿರಲಿ. ನಮ್ಮಂಥ ಕಾಲೇಜಿಗೆ ಯೂನಿವರ್ಸಿಟಿ ಪರೀಕ್ಷೆಯ ಅಂಕ ಒಟ್ಟಾಗಿ ಬರುತ್ತದೆ, ಪ್ರಶ್ನೆವಾರು ಬರೋದಿಲ್ಲ. ಒಬ್ಬಳಿಗೆ 50ಕ್ಕೆ 34 ಅಂದರೆ 34, ಅಷ್ಟೇ. ಯಾವ ಮಾಡ್ಯೂಲ್‌ನಲ್ಲಿ ಎಷ್ಟು, ಏನು ಬಿಟ್ಟಳು, ಗೊತ್ತಾಗೋದಿಲ್ಲ. ಹಾಗಾಗಿ ಎಸ್‌ಇಇ (ಸೆಮಿಸ್ಟರ್ ಕೊನೆಯ ಆ ಪರೀಕ್ಷೆ) ಅಟೇನ್‌ಮೆಂಟ್ ಅಂತ ಐದೂ ಸಿಒಗೆ ಒಂದೇ ಸಂಖ್ಯೆ ಕೂರುತ್ತದೆ. ನಮ್ಮಲ್ಲಿ ಇಂಟರ್ನಲ್ಸ್ ಅರ್ಧ, ಎಸ್‌ಇಇ ಅರ್ಧ ಅಂತ ಲೆಕ್ಕ. ಅಂದರೆ ಅರ್ಧ ಭಾಗ ಎಲ್ಲಾ ಸಿಒಗೂ ಒಂದೇ ಗಾರೆ ಬಳಿದ ಹಾಗೆ. ಇಷ್ಟೆಲ್ಲ ಆದಮೇಲೆ ಸಾಫ್ಟ್‌ವೇರ್ ಅದನ್ನು 2.17, 1.83 ಅಂತ ಎರಡು ದಶಮಾಂಶಕ್ಕೆ ತೋರಿಸುತ್ತದೆ. ನೋಡಿದವರಿಗೆ ಚಿನ್ನದಂಗಡಿ ತಕ್ಕಡಿಯಲ್ಲಿ ತೂಗಿದ ಹಾಗೆ ಕಾಣಬೇಕು. ಅಟಾನಮಸ್ ಕಾಲೇಜಿನವರಿಗೆ ಈ ತೊಂದರೆ ಇಲ್ಲ, ಅವರ ಪತ್ರಿಕೆ ಅವರೇ ತಿದ್ದುತ್ತಾರೆ, ಪ್ರಶ್ನೆವಾರು ಅಂಕ ಅವರ ಕೈಯಲ್ಲೇ ಇರುತ್ತದೆ. ಅವರಿಗೆ ಇಂಥ ಸಾಫ್ಟ್‌ವೇರ್‌ನ ಉಪಯೋಗ ನಮಗಿಂತ ದುಪ್ಪಟ್ಟು.

ಕೋರ್ಸ್ ಎಂಡ್ ಸರ್ವೆ ಬಗ್ಗೆ ಜಾಸ್ತಿ ಹೇಳೋದು ಏನೂ ಇಲ್ಲ. ಮಕ್ಕಳು ಫೋನಿನಲ್ಲಿ ಎಲ್ಲಕ್ಕೂ 3 ಒತ್ತುತ್ತಾರೆ. ಯಾರು ಎಷ್ಟು ಹೊತ್ತಿಗೆ ತುಂಬಿದರು ಅಂತ ಸಾಫ್ಟ್‌ವೇರ್ ತೋರಿಸುತ್ತದೆ, ಒಂದು ಸಲ ನೋಡಿದೆ, ಇಪ್ಪತ್ತು ಪ್ರಶ್ನೆಗೆ ಅರ್ಧ ನಿಮಿಷವೂ ಆಗಿರಲಿಲ್ಲ. ಆಮೇಲೆ ನೋಡೋದನ್ನೇ ಬಿಟ್ಟೆ.

ಪಿಒ ಬದಲಾದಾಗ ಮಾತ್ರ ಸರಿಯಾಗಿ ಸಿಕ್ಕಿಹಾಕಿಕೊಂಡೆವು. ಹಳೇ ಮಾದರಿಯಲ್ಲಿ 12 ಪಿಒ, ಹೊಸದರಲ್ಲಿ 11. ಸಮಾಜದ ಬಗ್ಗೆ ಇದ್ದ 6, ಪರಿಸರದ ಬಗ್ಗೆ ಇದ್ದ 7, ಎರಡೂ ಸೇರಿ ಒಂದಾದವು. ಹಾಗಾಗಿ ನೀತಿ ಅನ್ನೋದು 8ರಿಂದ 7ಕ್ಕೆ ಇಳಿಯಿತು, ಅದರ ಹಿಂದಿನವೆಲ್ಲ ಒಂದೊಂದು ಮನೆ ಮುಂದೆ. ಕಂಪನಿಯವರು ಅಪ್‌ಡೇಟ್ ಕೊಟ್ಟರು, ಹೆಸರುಗಳು ಬದಲಾದವು, ಆದರೆ ನಾವು ಹಾಕಿದ್ದ 1, 2, 3 ಮಾತ್ರ ಹಳೇ ಜಾಗದಲ್ಲೇ ಕೂತಿದ್ದವು. ಪರಿಸರಕ್ಕೆ ಹಾಕಿದ್ದ ಅಂಕಿ ನೀತಿಗೆ, ನೀತಿಗೆ ಹಾಕಿದ್ದು ಟೀಮ್ ವರ್ಕ್‌ಗೆ. ಲ್ಯಾಬ್ ವಿಷಯಗಳ ಮಕ್ಕಳು ಟೀಮ್ ವರ್ಕ್‌ನಲ್ಲಿ ಇದ್ದಕ್ಕಿದ್ದಂತೆ ಹಿಂದೆ ಬಿದ್ದು ಮಾತುಕತೆಯಲ್ಲಿ ಪ್ರಚಂಡರಾಗಿದ್ದರು. ಸಿಕ್ಕಿದ್ದು ನಮ್ಮ ಲ್ಯಾಬ್ ಇನ್‌ಸ್ಟ್ರಕ್ಟರ್ ಕಣ್ಣಿಗೆ, ನನ್ನ ಕಣ್ಣಿಗಲ್ಲ. ಒಂದೊಂದೇ ವಿಷಯ ತೆಗೆದು ತಿದ್ದಲು ಎರಡು ಶನಿವಾರ ಹೋಯಿತು. ಅಪ್‌ಡೇಟ್ ಬಂದ ದಿನ ಹಳೇ ಪ್ರಿಂಟ್ ಪಕ್ಕದಲ್ಲಿಟ್ಟು ಹೋಲಿಸಿ ನೋಡಿ, ಇಷ್ಟಂತೂ ಮಾಡಿ.

ಎನ್‌ಬಿಎ ತಂಡ ಬಂದಾಗ ಏನಾಯಿತು ಅಂತ ಎಲ್ಲರೂ ಕೇಳುತ್ತಾರೆ. ಜೇಡರ ಬಲೆ ಚಾರ್ಟನ್ನು ಯಾರೂ ಎರಡು ಸೆಕೆಂಡಿಗಿಂತ ಜಾಸ್ತಿ ನೋಡಲಿಲ್ಲ. ನಮ್ಮ ವಿಭಾಗಕ್ಕೆ ಬಂದ ಹಿರಿಯರು ಕಂಟ್ರೋಲ್ ಸಿಸ್ಟಮ್ಸ್ ಫೈಲ್ ತೆಗೆದು, ಚೆನ್ನಾಗಿ ಬರೆದವರದು ಒಂದು, ಸುಮಾರಾಗಿ ಬರೆದವರದು ಒಂದು, ತೀರಾ ಕಮ್ಮಿ ತೆಗೆದವರದು ಒಂದು, ಮೂರು ಬ್ಲೂ ಬುಕ್ ಕೊಡಿ ಅಂದರು. ಒಳಗಿನ ಅಂಕ, ಪರದೆ ಮೇಲಿನ ಅಂಕ ತಾಳೆ ನೋಡಿದರು. ತಾಳೆ ಆಯಿತು, ಇಲ್ಲಿ ಸಾಫ್ಟ್‌ವೇರ್‌ಗೆ ಪೂರ್ತಿ ಕ್ರೆಡಿಟ್ ಕೊಡುತ್ತೇನೆ. ಆಮೇಲೆ ಸಿಒ4ರ ಮೇಲೆ ಬೆರಳಿಟ್ಟು, ಗುರಿ 2 ಇಟ್ಟು ಇಂಟರ್ನಲ್ಸ್‌ನಲ್ಲಿ ಸೊನ್ನೆ ಬಂದಿದೆಯಲ್ಲ, ಯಾಕೆ ಅಂದರು. ನೈಕ್ವಿಸ್ಟ್ ಕಥೆ ಹೇಳಿದೆ. ಮುಂದಿನ ವರ್ಷದ ಪ್ರಶ್ನೆಪತ್ರಿಕೆ ಕೇಳಿದರು, ಕೊಟ್ಟೆ, ಬಿ ಭಾಗ ಎರಡೂ ಓದಿದರು, ಪುಟ ತಿರುವಿದರು. ಆ ಹೊತ್ತಿನಲ್ಲಿ ಪಿಡಿಎಫ್ ಮುಚ್ಚಿಕೊಂಡೇ ಇತ್ತು.

ನ್ಯಾಕ್‌ಗೆ ಮಾತ್ರ ಅಂತ ಇದನ್ನು ತಗೊಳ್ಳಲು ಹೊರಟಿರುವ ಡಿಗ್ರಿ ಕಾಲೇಜಿನವರಿಗೆ: ಸ್ವಲ್ಪ ತಡೆಯಿರಿ. ಇಲ್ಲಿಯತನಕದ ಮಾದರಿಯಲ್ಲಿ ಇದೆಲ್ಲ ಬರುತ್ತಿದ್ದದ್ದು ನ್ಯಾಕ್ ಪಟ್ಟಿಯ 2.6ರ ಅಡಿಯಲ್ಲಿ, ಫಲಿತಗಳನ್ನು ಬರೆದು ವೆಬ್‌ಸೈಟ್‌ನಲ್ಲಿ ಹಾಕಿದ್ದೀರಾ, ಅಳೆಯುತ್ತೀರಾ, ಪಾಸಾದವರು ಎಷ್ಟು. ಅಷ್ಟಕ್ಕೆ ನೆಟ್ಟಗಿರುವ ಒಂದು ಎಕ್ಸೆಲ್ ಶೀಟ್, ಅದನ್ನು ಅರ್ಥ ಮಾಡಿಕೊಂಡ ಇಬ್ಬರು ಮೇಷ್ಟ್ರುಗಳು ಸಾಕು. ಇಬ್ಬರು ಯಾಕೆ ಅಂದರೆ ಒಬ್ಬರು ಕೆಲಸ ಬಿಟ್ಟು ಹೋಗುತ್ತಾರೆ.

ದರ ವಿದ್ಯಾರ್ಥಿಗಳ ತಲೆ ಲೆಕ್ಕದಲ್ಲಿ, ವರ್ಷಕ್ಕೊಮ್ಮೆ. ಮೊದಲ ವರ್ಷ ಕಮ್ಮಿ ಹೇಳಿ ಎರಡನೇ ವರ್ಷ ಏರಿಸುತ್ತಾರೆ, ಎರಡು ವರ್ಷದ್ದನ್ನೂ ಮೊದಲೇ ಬರೆಸಿಕೊಳ್ಳಿ. ಬಿಟ್ಟು ಹೋಗುವಾಗ ನಮ್ಮ ಅಂಕಗಳನ್ನೆಲ್ಲ ಎಕ್ಸೆಲ್‌ನಲ್ಲಿ ಕೊಡುತ್ತಾರಾ ಅನ್ನೋದನ್ನೂ ಬರೆಸಿಕೊಳ್ಳಿ, ಇಲ್ಲದಿದ್ದರೆ ಮೂರು ವರ್ಷದ ಡೇಟಾ ಅವರ ಕೈಯಲ್ಲಿರುತ್ತದೆ, ಜುಟ್ಟೂ ಅವರ ಕೈಯಲ್ಲೇ. ಸೆಮಿಸ್ಟರ್ ಕೊನೆ ವಾರ ಸರ್ವರ್ ನಿಧಾನ. ರಾತ್ರಿ ಹತ್ತರ ಮೇಲೆ ಕೂತರೆ ಓಡುತ್ತದೆ.

ಡೆಮೊಗೆ ಅವರ ಮಾದರಿ ಕ್ಲಾಸು ಬೇಡ ಅನ್ನಿ. ನಿಮ್ಮದೇ ಒಂದು ಟೆಸ್ಟಿನ ಬ್ಲೂ ಬುಕ್ ಕಟ್ಟು ಮುಂದಿಡಿ. ಚಾಯ್ಸ್ ಇರುವ ಪತ್ರಿಕೆ ಇರಲಿ, ಇಬ್ಬರು ಆಬ್ಸೆಂಟ್ ಆಗಿರಲಿ, ಒಬ್ಬ ಎರಡೂ ಆಯ್ಕೆ ಬರೆದಿರಲಿ, ಅಂಥವನೊಬ್ಬ ಪ್ರತಿ ಕ್ಲಾಸಿನಲ್ಲೂ ಇರುತ್ತಾನೆ. ಅವರ ಎದುರಿಗೇ ತುಂಬಿ ಬಟನ್ ಒತ್ತಿಸಿ, ಆ ಖಾಲಿ ಚೌಕ ಏನಾಯಿತು ಅಂತ ಕೇಳಿ.

ಐದಕ್ಕೆ ಮೂರು ಕೊಡುತ್ತೇನೆ. ಅಂಕ ತುಂಬೋದಕ್ಕೆ ಎರಡು, ಫೈಲ್‌ಗೆ ಒಂದು. ನಮ್ಮ ರಿನ್ಯೂವಲ್ ಜೂನ್‌ನಲ್ಲಿ, ಮಾಡಿಸುತ್ತೇವೆ, ಹಳೇ ಎಕ್ಸೆಲ್‌ಗೆ ವಾಪಸ್ ಹೋಗುವ ಧೈರ್ಯ ಯಾರಿಗೂ ಇಲ್ಲ. ಆ ಅಟೆಂಪ್ಟೆಡ್ ಕಾಲಂ ಮೊದಲ ಪರದೆಗೆ ತನ್ನಿ ಅಂತ ಮೂರು ಸಲ ಬರೆದಿದ್ದೇನೆ. ಮೂರು ಸಲವೂ "ನೆಕ್ಸ್ಟ್ ಅಪ್‌ಡೇಟ್‌ನಲ್ಲಿ ಬರುತ್ತೆ ಮೇಡಂ" ಅಂತ ಉತ್ತರ. ಅಲ್ಲಿಯತನಕ ಬ್ಲೂ ಬುಕ್ ತಿದ್ದುವಾಗಲೇ ಡೈರಿಯ ಹಿಂದಿನ ಪುಟದಲ್ಲಿ ಪೆನ್ಸಿಲ್‌ನಿಂದ ಎಣಿಸಿಕೊಳ್ಳುತ್ತಿದ್ದೇನೆ, ಬಿಟ್ಟವರಿಗೆ ಒಂದೊಂದು ಗೆರೆ, ಐದಾದರೆ ಅಡ್ಡ ಒಂದು.